ತೋಳಿನಲ್ಲಿ ಅಳೆಯಲಾಗದ ರಕ್ತದೊತ್ತಡ

ಮಾರ್ಚ್ ಕೊನೆಯ ವಾರವೆಂದರೆ ಸಹಕಾರ ಸಂಘದ ಲೆಕ್ಕಿಗರಿಗೆ ಮನೆಯ ನೆನಪೇ ಇರುವುದಿಲ್ಲ. ತರೀಕೆರೆ ತಾಲ್ಲೂಕಿನ ನಮ್ಮ ಕೃಷಿ ಪತ್ತಿನ ಸಂಘದಲ್ಲಿ 2022ರ ಆ ವಾರವೂ ನಾನು ಬೆಳಗಿನಿಂದ ರಾತ್ರಿ ಎಂಟರವರೆಗೆ ಬೆಳೆಸಾಲದ ಖಾತೆಗಳನ್ನು ತಾಳೆ ನೋಡುತ್ತ ಕುಳಿತಿರುತ್ತಿದ್ದೆ. ಸೊಂಟನೋವು ತಡೆಯಲಾಗದೆ ಮೆಡಿಕಲ್ ಸ್ಟೋರಿನಿಂದ ತರಿಸಿದ ನೋವಿನ ಮಾತ್ರೆಯನ್ನು ಮೂರು ದಿನ ನುಂಗಿದ್ದೆ. ಮಲ ಕಪ್ಪಗೆ ಹೋಗುತ್ತಿರುವುದು ಗಮನಕ್ಕೆ ಬಂದಿತ್ತಾದರೂ ಅದಕ್ಕೆ ನನ್ನ ಬಳಿ ಸಿದ್ಧವಾದ ಕಾರಣವಿತ್ತು. ರಕ್ತಹೀನತೆಗೆಂದು ಆರೇಳು ವರ್ಷಗಳಿಂದ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಮತ್ತು ಆ ಮಾತ್ರೆಯಿಂದ ಮಲ ಕಪ್ಪಾಗುತ್ತದೆ ಎಂದು ಆಶಾ ಕಾರ್ಯಕರ್ತೆಯೇ ಮೊದಲು ಹೇಳಿಕೊಟ್ಟಿದ್ದರು. ಅವರು ಹೇಳಿದ್ದು ಸರಿಯೇ. ಆದರೆ ಮಾತ್ರೆಯ ಕಪ್ಪು ಬೇರೆ, ಹೊಟ್ಟೆಯೊಳಗೆ ಜೀರ್ಣವಾಗಿ ಬಂದ ರಕ್ತದ ಕಪ್ಪು ಬೇರೆ. ಎರಡನೆಯದು ರಸ್ತೆಗೆ ಹಾಕುವ ಡಾಂಬರಿನ ಹಾಗೆ ಅಂಟಂಟಾಗಿರುತ್ತದೆ, ಎರಡು ಕೊಡ ನೀರು ಸುರಿದರೂ ಬಿಡುವುದಿಲ್ಲ, ಅದರ ವಾಸನೆ ಒಮ್ಮೆ ತಿಳಿದವರಿಗೆ ಮತ್ತೆ ಮರೆಯುವುದಿಲ್ಲ. ನನಗಾಗ ಅದು ತಿಳಿದಿರಲಿಲ್ಲ.

ಮಾರ್ಚ್ 29ರ ರಾತ್ರಿ ಊಟದ ತಟ್ಟೆ ತೊಳೆಯುವಾಗ ಹೊಟ್ಟೆಯಲ್ಲಿ ಏನೋ ತೊಳಸಿದಂತಾಗಿ, ನೋವೇನೂ ಇಲ್ಲದೆ, ಸಿಂಕಿನ ತುಂಬ ರಕ್ತ ಕಾರಿಕೊಂಡೆ. ಹಸಿ ಕೆಂಪು ರಕ್ತ, ನಡುನಡುವೆ ಹೆಪ್ಪುಗಟ್ಟಿದ ಕರಿಗೆಂಪು ಗಡ್ಡೆಗಳು. ಅತ್ತೆಯವರು ‘ಉಷ್ಣ ಜಾಸ್ತಿಯಾಗಿದೆ ಕಣಮ್ಮ, ನಿದ್ದೆಗೆಟ್ಟು ಕೆಲಸ ಮಾಡಿದರೆ ಇನ್ನೇನಾಗುತ್ತೆ’ ಎನ್ನುತ್ತಲೇ ತಲೆ ಹಿಡಿದುಕೊಂಡರು. ಎರಡನೆಯ ಸಲ ಕಾರಿಕೊಂಡಾಗ ಕಣ್ಣು ಕತ್ತಲಿಟ್ಟಿತು. ಊರಿನ ಆಸ್ಪತ್ರೆಯಲ್ಲಿ ಸಲೈನ್ ಹಾಕಿ ಶಿವಮೊಗ್ಗಕ್ಕೆ ಕಳುಹಿಸಿದರು. ಅಲ್ಲಿಗೆ ಮುಟ್ಟಿದಾಗ ಹಿಮೋಗ್ಲೋಬಿನ್ 5.8 ಇತ್ತು.

ತುರ್ತು ಚಿಕಿತ್ಸಾ ಘಟಕದಲ್ಲಿದ್ದ ಎಳೆಯ ವೈದ್ಯರು ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ‘ತಪ್ಪು ತಿಳೀಬೇಡಿ ಸಾರ್, ಮನೆಯವರು ಏನಾದರೂ ಡ್ರಿಂಕ್ಸ್ ತಗೋತಾರಾ?’ ಎಂದು ಕೇಳಿದ್ದು ಪರದೆಯ ಈಚೆಗೆ ನನಗೂ ಕೇಳಿಸಿತು. ಕೇಳಬೇಕಾದ ಪ್ರಶ್ನೆಯೇ ಅದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮುಂದಿನ ಆರು ತಿಂಗಳಲ್ಲಿ ಅದೇ ಪ್ರಶ್ನೆಯನ್ನು ಲ್ಯಾಬಿನವರು, ಸ್ಕ್ಯಾನಿಂಗಿನವರು, ನೆಂಟರು, ಕೊನೆಗೆ ನಮ್ಮ ಸಂಘದ ನಿರ್ದೇಶಕರೊಬ್ಬರು ಬೇರೆಬೇರೆ ಮಾತುಗಳಲ್ಲಿ ಕೇಳಿದಾಗ, ಲಿವರ್ ಕಾಯಿಲೆ ಎಂಬ ಎರಡು ಪದದ ಹಿಂದೆ ನಮ್ಮ ಜನ ಬಾಟಲಿಯನ್ನಲ್ಲದೆ ಬೇರೇನನ್ನೂ ಕಾಣಲಾರರು ಎಂಬುದು ಅರ್ಥವಾಯಿತು.

ಆ ರಾತ್ರಿ ಕೊಟ್ಟ ರಕ್ತ ಎರಡೇ ಯೂನಿಟ್. ಇನ್ನೂ ಕೊಡಿ, ದಾನಿಗಳನ್ನು ಕರೆತರುತ್ತೇನೆ ಎಂದು ನನ್ನ ತಮ್ಮ ಜಗಳವಾಡಿದ. ಹಿಮೋಗ್ಲೋಬಿನ್ 7ರಿಂದ 8ರ ನಡುವೆ ಬಂದರೆ ಸಾಕು, ಅದಕ್ಕಿಂತ ಹೆಚ್ಚು ತುಂಬಿಸಿದರೆ ಒಳಗಿನ ಒತ್ತಡ ಏರಿ, ನಿಂತ ರಕ್ತ ಮತ್ತೆ ಹರಿಯುತ್ತದೆ ಎಂದು ವೈದ್ಯರು ಅವನಿಗೆ ತಾಳ್ಮೆಯಿಂದ ಹೇಳಿದರು. ಯಾವ ಒತ್ತಡ ಎಂದು ಅವನು ಕೇಳಿದ. ನನ್ನ ತೋಳಿನ ಬಿ.ಪಿ. ಆಗ 80ರ ಆಸುಪಾಸಿನಲ್ಲಿತ್ತು. ಕರುಳಿನ ಕಡೆಗೆ ಹೋಗುವ ರಕ್ತವನ್ನು ತಗ್ಗಿಸುವ ಆಕ್ಟ್ರಿಯೋಟೈಡ್ ಎಂಬ ಔಷಧವನ್ನು ಸಿರಿಂಜ್ ಪಂಪಿನಿಂದ ಹನಿಹನಿಯಾಗಿ ಐದು ದಿನ ಕೊಟ್ಟರು, ಜೊತೆಗೆ ಸೋಂಕು ತಗಲದಂತೆ ಆಂಟಿಬಯೋಟಿಕ್. ಬೆಳಗಿನ ಜಾವ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ಕೆಳತುದಿಯಲ್ಲಿ ನಾಲ್ಕು ಸಾಲು ಉಬ್ಬಿದ ರಕ್ತನಾಳಗಳು ಕಂಡವಂತೆ. ಅವುಗಳಲ್ಲೊಂದು ಒಡೆದಿತ್ತು. ಅದಕ್ಕೂ ಅದರ ಅಕ್ಕಪಕ್ಕದವಕ್ಕೂ ಸೇರಿಸಿ ಆರು ರಬ್ಬರ್ ಬ್ಯಾಂಡ್ ಹಾಕಿದರು.

ಮೂರನೆಯ ದಿನ, ತಲೆ ಎತ್ತಿ ಕೂರುವಷ್ಟು ಶಕ್ತಿ ಬಂದ ಮೇಲೆ, ಇದು ಪೋರ್ಟಲ್ ಹೈಪರ್‌ಟೆನ್ಷನ್, ಎಂದರೆ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ನಾಳದಲ್ಲಿ ಒತ್ತಡ ಏರುವುದು ಎಂದು ಹಿರಿಯ ವೈದ್ಯರು ಹಾಸಿಗೆಯ ಅಂಚಿನಲ್ಲಿ ಕುಳಿತು ಚಿತ್ರ ಬರೆದು ತೋರಿಸಿದರು. ಮೈಯ ಅಭಿಧಮನಿಗಳೆಲ್ಲ ರಕ್ತವನ್ನು ಹೃದಯಕ್ಕೆ ಒಯ್ಯುತ್ತವೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಪೋರ್ಟಲ್ ರಕ್ತನಾಳ ಹಾಗಲ್ಲ. ಕರುಳಿನಿಂದ ಬರುವ ನಾಳವೂ ಎಡಪಕ್ಕೆಯೊಳಗಿನ ಗುಲ್ಮದಿಂದ (ಸ್ಪ್ಲೀನ್) ಬರುವ ನಾಳವೂ ಮೇದೋಜೀರಕದ ಹಿಂದೆ ಕೂಡಿ ಅದು ಹುಟ್ಟುತ್ತದೆ, ನೇರವಾಗಿ ಯಕೃತ್ತಿಗೆ ಹೋಗಿ ಅಲ್ಲಿ ಮತ್ತೆ ಸಾವಿರಾರು ಸೂಕ್ಷ್ಮನಾಳಗಳಾಗಿ ಒಡೆಯುತ್ತದೆ. ಯಕೃತ್ತಿಗೆ ಸಲ್ಲುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಲ್ಲೇ ಬರುತ್ತದೆ. ಇಷ್ಟೊಂದು ರಕ್ತ ಹರಿದರೂ ಅಲ್ಲಿನ ಒತ್ತಡ ಪಾದರಸದ 5ರಿಂದ 10 ಮಿಲಿಮೀಟರ್ ಮಾತ್ರ. ತೋಳಿನಲ್ಲಿ ನಾವು 120 ಎಂದು ಓದುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ಲಕ್ಕವಳ್ಳಿಯ ಭದ್ರಾ ಕಾಲುವೆಯ ಬದಿಯಲ್ಲಿ ಬೆಳೆದ ನನಗೆ ಉಳಿದದ್ದನ್ನು ಅವರು ಬಿಡಿಸಿ ಹೇಳಬೇಕಾಗಲಿಲ್ಲ. ತೂಬಿಗೆ ಕಸ ಸಿಕ್ಕಿಕೊಂಡರೆ ಕಾಲುವೆಯ ನೀರು ಸುಮ್ಮನೆ ನಿಲ್ಲುವುದಿಲ್ಲ, ಹಿಂದಕ್ಕೆ ಏರಿ ಏರಿ, ಎಲ್ಲಿ ಏರಿಯ ಮಣ್ಣು ಸಡಿಲವಾಗಿದೆಯೋ ಅಲ್ಲಿಂದ ಪಕ್ಕದ ತೋಟಕ್ಕೆ ನುಗ್ಗುತ್ತದೆ. ಯಕೃತ್ತಿನ ದಾರಿ ಕಟ್ಟಿಕೊಂಡಾಗ ರಕ್ತವೂ ಹಾಗೆಯೇ ಅನ್ನನಾಳದ, ಜಠರದ, ಹೊಕ್ಕುಳಿನ ಸುತ್ತಲಿನ ಸಣ್ಣ ನಾಳಗಳನ್ನು ಹಿಗ್ಗಿಸಿಕೊಂಡು ಹೃದಯಕ್ಕೆ ಬೇರೆ ದಾರಿ ಹುಡುಕುತ್ತದೆ. ಅನ್ನನಾಳದ ಒಳಪದರ ತೆಳುವಾದ್ದರಿಂದ ಅಲ್ಲಿ ಒಡೆಯುವುದು ಸುಲಭ. ಹಿಂದಕ್ಕೆ ಏರಿದ ರಕ್ತ ಗುಲ್ಮದಲ್ಲೂ ತುಂಬಿಕೊಳ್ಳುತ್ತದೆ. ಹನ್ನೊಂದು ಹನ್ನೆರಡು ಸೆಂಟಿಮೀಟರ್ ಇರಬೇಕಾದ ನನ್ನ ಗುಲ್ಮ ಸ್ಕ್ಯಾನಿನಲ್ಲಿ 19 ಸೆಂಟಿಮೀಟರ್ ಬಂತು. ಊಟಕ್ಕೆ ಕುಳಿತ ಸ್ವಲ್ಪಕ್ಕೇ ಎಡಪಕ್ಕೆಯ ಕೆಳಗೆ ಭಾರವಾಗಿ ಹೊಟ್ಟೆ ತುಂಬಿದಂತಾಗುವುದನ್ನು ನಾನು ಗ್ಯಾಸ್ಟ್ರಿಕ್ ಎಂದುಕೊಂಡಿದ್ದೆ.

ಹಿಗ್ಗಿದ ಗುಲ್ಮ ರಕ್ತಕಣಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ, ನಾಶವನ್ನೂ ಮಾಡುತ್ತದೆ ಎಂದು ಅವರು ಹೇಳಿದಾಗ ನನಗೆ ಮನೆಯ ಬೀರುವಿನಲ್ಲಿದ್ದ ಫೈಲು ನೆನಪಾಯಿತು. ತಮ್ಮನಿಂದ ಅದನ್ನು ತರಿಸಿದೆ. ಲೆಕ್ಕದವಳಾದ್ದರಿಂದ ಒಂದು ಚೀಟಿಯನ್ನೂ ಎಸೆದವಳಲ್ಲ. 2014ರಲ್ಲಿ ಎರಡನೆಯ ಹೆರಿಗೆಯ ಸಮಯದಲ್ಲಿ ಪ್ಲೇಟ್‌ಲೆಟ್ 98 ಸಾವಿರ. ‘ಬಸುರಿಯಲ್ಲಿ ಕಡಿಮೆಯಾಗುವುದುಂಟು’ ಎಂದಿದ್ದರು. 2019ರ ಜ್ವರದಲ್ಲಿ 82 ಸಾವಿರ. ಡೆಂಗಿ ಎಂದರು, ಡೆಂಗಿ ಪರೀಕ್ಷೆ ನೆಗೆಟಿವ್ ಬಂದರೂ ಪಪ್ಪಾಯಿ ಎಲೆಯ ರಸ ಕುಡಿಸಿದರು, ಜ್ವರ ಬಿಟ್ಟ ಮೇಲೆ ಮತ್ತೆ ಎಣಿಸಲು ಯಾರೂ ಹೇಳಲಿಲ್ಲ. ಹಿಮೋಗ್ಲೋಬಿನ್ ಪ್ರತಿ ಸಲವೂ 8 ಅಥವಾ 9. ಮುಟ್ಟಿನ ರಕ್ತ ಹೆಚ್ಚು ಹೋಗುತ್ತದೆ ಎಂದು ಕಬ್ಬಿಣದ ಮಾತ್ರೆ. ಅದೇ ಹಾಳೆಗಳಲ್ಲಿ ಬಿಳಿ ರಕ್ತಕಣ 2,900, ಮತ್ತೊಂದರಲ್ಲಿ 3,100. ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಮೂರು ಕಲಮುಗಳೂ ಒಟ್ಟಿಗೆ ಕಡಿಮೆಯಿದ್ದವು. ಒಂದೊಂದಕ್ಕೂ ಒಂದೊಂದು ಕಾರಣ ಬರೆದುಕೊಂಡು ಎಂಟು ವರ್ಷ ಕಳೆದಿತ್ತು, ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿದವರಿರಲಿಲ್ಲ. ಯಾರಾದರೂ ನನ್ನನ್ನು ಮಲಗಿಸಿ ಹೊಟ್ಟೆಯ ಎಡಭಾಗವನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿದ್ದರೆ ಗುಲ್ಮ ಕೈಗೆ ತಾಗುತ್ತಿತ್ತು. ನನ್ನ ಅಸಮಾಧಾನ ಇರುವುದು ಇದೊಂದರ ಬಗ್ಗೆ.

ಆ ಐದು ದಿನ ವಾರ್ಡಿನಲ್ಲಿ ನನ್ನ ಆಚೀಚೆ ಮಲಗಿದ್ದವರನ್ನು ನೋಡಿ, ಒಂದೇ ಒತ್ತಡ ಎಷ್ಟು ರೂಪದಲ್ಲಿ ಕಾಡುತ್ತದೆ ಎಂಬುದು ತಿಳಿಯಿತು. ಎದುರಿನ ಗಂಡಸರ ಕೋಣೆಯಲ್ಲಿದ್ದ ಹೊಳಲ್ಕೆರೆ ಕಡೆಯ ಹಿರಿಯರೊಬ್ಬರಿಗೆ ವರ್ಷಗಟ್ಟಲೆಯ ಕುಡಿತದಿಂದ ಯಕೃತ್ತು ಗಟ್ಟಿಯಾಗಿ ಗಂಟುಕಟ್ಟಿತ್ತು. ಸಿರೋಸಿಸ್ ಎನ್ನುವ ಆ ಸ್ಥಿತಿಯೇ ಈ ಒತ್ತಡಕ್ಕೆ ಜಗತ್ತಿನಲ್ಲೆಲ್ಲ ಅತಿ ಸಾಮಾನ್ಯ ಕಾರಣ. ಕೈಕಾಲು ಕಡ್ಡಿಯಂತಿದ್ದ ಅವರ ಹೊಟ್ಟೆ ಮಾತ್ರ ತುಂಬಿದ ಗುಡಾಣ. ಪಕ್ಕೆಗೆ ಸೂಜಿ ಚುಚ್ಚಿ ಹಳದಿ ನೀರನ್ನು ಬಾಟಲಿಗಿಳಿಸುತ್ತಿದ್ದರು, ಏಳು ಲೀಟರ್ ತೆಗೆದ ದಿನ ಲೀಟರಿಗಿಷ್ಟು ಎಂದು ಲೆಕ್ಕ ಹಾಕಿ ಅಲ್ಬುಮಿನ್ ಎಂಬ ರಕ್ತದ ಪ್ರೋಟೀನನ್ನು ಏರಿಸಿದರು. ಇಲ್ಲದಿದ್ದರೆ ರಕ್ತನಾಳದೊಳಗಿನ ದ್ರವ ಕುಸಿದು ಮೂತ್ರಪಿಂಡ ಕೈಕೊಡುತ್ತದಂತೆ. ಆ ನೀರಿನಲ್ಲೇ ಸೋಂಕು ಹುಟ್ಟುವುದೂ ಉಂಟು. ಅದಕ್ಕಾಗಿ ಒಂದು ಸಣ್ಣ ಸೀಸೆ ನೀರನ್ನು ಮೊದಲು ಲ್ಯಾಬಿಗೆ ಕಳುಹಿಸುತ್ತಿದ್ದರು. ಅವರಿಗೆ ಉಪ್ಪು ಬಂದ್. ಅವರ ಹೆಂಡತಿ ಕದ್ದು ಉಪ್ಪಿನಕಾಯಿಯ ಹೋಳು ಕೊಟ್ಟು ನರ್ಸಿನ ಕೈಗೆ ಸಿಕ್ಕಿಬಿದ್ದಿದ್ದರು.

ನನ್ನ ಪಕ್ಕದ ಹಾಸಿಗೆಯ ಅಜ್ಜಿ ಕಾಫಿಯನ್ನು ಬಿಟ್ಟರೆ ಬೇರೇನನ್ನೂ ಕುಡಿದವರಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಮೈತೂಕ, ಯಕೃತ್ತಿನಲ್ಲಿ ಸೇರಿದ ಕೊಬ್ಬು, ಅದರಿಂದ ಸಿರೋಸಿಸ್. ಹಗಲೆಲ್ಲ ನಿದ್ದೆ ಮಾಡಿ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು. ಒಂದು ಸಂಜೆ ಮಗಳನ್ನು ‘ಅವ್ವಾ’ ಎಂದು ಕರೆದು, ಜಡೆ ಹಾಕು ಎಂದು ತಲೆ ಬಗ್ಗಿಸಿ ಕುಳಿತರು. ವೈದ್ಯರು ಎರಡು ಕೈಗಳನ್ನೂ ಮುಂದೆ ಚಾಚಿಸಿ ಅಂಗೈ ಮೇಲಕ್ಕೆ ಮಡಿಸಿ ಹಿಡಿಯಲು ಹೇಳಿದಾಗ ಕೈಗಳು ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದವು. ಕರುಳಿನಲ್ಲಿ ಹುಟ್ಟುವ ಅಮೋನಿಯಾ ಮೊದಲಾದ ವಿಷಗಳು ಯಕೃತ್ತಿನಲ್ಲಿ ಶುದ್ಧವಾಗದೆ, ಅಡ್ಡದಾರಿಯ ನಾಳಗಳಿಂದ ನೇರವಾಗಿ ಮಿದುಳಿಗೆ ಹೋಗುವುದರಿಂದ ಹೀಗಾಗುತ್ತದೆ. ಮಲಬದ್ಧತೆಯಾದರೂ ಸಾಕು, ಕೆರಳುತ್ತದೆ. ದಿನಕ್ಕೆ ಎರಡು ಮೂರು ಬಾರಿ ಮಲ ಮೆತ್ತಗೆ ಹೋಗುವಂತೆ ಲ್ಯಾಕ್ಟುಲೋಸ್ ಸಿರಪ್ ಕುಡಿಸಿದರು. ಎರಡನೆಯ ದಿನ ಅಜ್ಜಿ ಮಗಳನ್ನು ಹೆಸರು ಹಿಡಿದು ಬೈದಾಗ ಆ ಮಗಳು ಅತ್ತದ್ದು ಸಂತೋಷಕ್ಕೆ.

ನನಗೆ ಇವೆರಡೂ ಇರಲಿಲ್ಲ. ಹೊಟ್ಟೆಯಲ್ಲಿ ನೀರಿಲ್ಲ, ಕಾಮಾಲೆಯಿಲ್ಲ, ಅಲ್ಬುಮಿನ್ ಸರಿಯಿದೆ. ಹಾಗಾದರೆ ಒತ್ತಡ ಎಲ್ಲಿಂದ ಬಂತು ಎಂದು ಹುಡುಕುವುದಕ್ಕೇ ಎರಡು ತಿಂಗಳು ಹಿಡಿಯಿತು. ಹೆಪಟೈಟಿಸ್ ಬಿ ಮತ್ತು ಸಿ ಇಲ್ಲ ಎಂದು ಬಂತು. ತನ್ನ ಮೈಯ ವಿರುದ್ಧವೇ ಮೈ ತಿರುಗಿಬೀಳುವ ಕಾಯಿಲೆಗಳ ಪರೀಕ್ಷೆಯಾಯಿತು, ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗೆಂದು ಕಣ್ಣಿನವರು ಕರಿಗುಡ್ಡೆಯ ಅಂಚಿನ ಉಂಗುರ ಹುಡುಕಿದರು, ಕಬ್ಬಿಣದ ಶೇಖರ ನೋಡಿದರು. ಎಲ್ಲವೂ ಸರಿ. ಯಕೃತ್ತಿನ ಬಿರುಸನ್ನು ಅಳೆಯುವ ಫೈಬ್ರೋಸ್ಕ್ಯಾನಿನಲ್ಲಿ 7.2 ಬಂತು. ಸಿರೋಸಿಸ್ ಆಗಿದ್ದರೆ ಸಾಮಾನ್ಯವಾಗಿ 12ರ ಮೇಲಿರುತ್ತದೆಯಂತೆ. ಸ್ಕ್ಯಾನ್ ಮಾಡಿದವರು, ಯಕೃತ್ತಿನ ಮೇಲ್ಮೈ ನುಣುಪಾಗಿದೆ, ಪೋರ್ಟಲ್ ನಾಳ ಹಿಗ್ಗಿದೆ ಆದರೆ ಒಳಗೆ ಹೆಪ್ಪುಗಟ್ಟಿಲ್ಲ, ಯಕೃತ್ತಿನಿಂದ ಹೊರಡುವ ನಾಳಗಳೂ ತೆರೆದಿವೆ ಎಂದು ಬರೆದರು.

ಕೊನೆಯ ಪರೀಕ್ಷೆಗೆ ಬೆಂಗಳೂರಿಗೆ ಹೋದೆವು. ಕುತ್ತಿಗೆಯ ಬಲಗಡೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಲಿನ ನಾಳದಿಂದ ತೆಳುವಾದ ಕೊಳವೆಯನ್ನು ಹೃದಯದ ಮೂಲಕ ಇಳಿಸಿ ಯಕೃತ್ತಿನ ನಾಳಕ್ಕೆ ತಲುಪಿಸಿದರು. ಕೊಳವೆ ಹಾದುಹೋಗುವಾಗ ಎದೆ ಎರಡು ಸಲ ಅಡ್ಡಾದಿಡ್ಡಿ ಬಡಿದುಕೊಂಡಿತು. ತುದಿಯ ಸಣ್ಣ ಬಲೂನನ್ನು ಉಬ್ಬಿಸಿ ಒಮ್ಮೆ, ಇಳಿಸಿ ಒಮ್ಮೆ ಒತ್ತಡ ಅಳೆದು, ಎರಡರ ವ್ಯತ್ಯಾಸ ತೆಗೆಯುತ್ತಾರೆ. ಆ ವ್ಯತ್ಯಾಸ 10 ದಾಟಿದರೆ ತೊಡಕುಗಳು ಶುರು, 12 ದಾಟಿದರೆ ನಾಳ ಒಡೆಯುವ ಭಯ ಎಂದು ನಾನು ಅಷ್ಟರಲ್ಲಿ ಕಲಿತಿದ್ದೆ. ನನ್ನದು 5 ಬಂತು. ಎಂದರೆ ಸರಿಯಾಗಿಯೇ ಇದೆ! ರಕ್ತ ಕಾರಿ ಸಾಯುವ ಸ್ಥಿತಿಗೆ ಹೋಗಿದ್ದವಳಿಗೆ ಒತ್ತಡವೇ ಇಲ್ಲ ಎಂದರೆ ಹೇಗೆ ಎಂದು ಮಲಗಿದಲ್ಲಿಂದಲೇ ಕೇಳಿದೆ.

ಅಲ್ಲಿನ ವೈದ್ಯರು, ‘ನಾವು ಅಳೆದದ್ದು ತಡೆಯ ಆಚೆಗಿನ ಒತ್ತಡವನ್ನಮ್ಮ. ನಿಮ್ಮ ತಡೆ ಅದಕ್ಕಿಂತ ಮುಂಚೆಯೇ ಇದೆ’ ಎಂದರು. ಅದೇ ಕೊಳವೆಯ ದಾರಿಯಿಂದ ತೆಗೆದ ಯಕೃತ್ತಿನ ಎಳೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಜೀವಕೋಶಗಳು ಚೆನ್ನಾಗಿಯೇ ಇದ್ದು, ಒಳಬರುವ ಪೋರ್ಟಲ್ ನಾಳದ ಸಣ್ಣ ಕವಲುಗಳು ಮಾತ್ರ ದಪ್ಪಗಾಗಿ ಮುಚ್ಚಿಹೋಗುತ್ತಿರುವುದು ಕಂಡಿತು. ನಾನ್ ಸಿರೋಟಿಕ್ ಪೋರ್ಟಲ್ ಫೈಬ್ರೋಸಿಸ್, ಎಂದರೆ ಸಿರೋಸಿಸ್ ಅಲ್ಲದ, ಪೋರ್ಟಲ್ ಕವಲುಗಳು ಗಟ್ಟಿಯಾಗುವ ಕಾಯಿಲೆ ಎಂದು ವರದಿ ಬಂತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 1969ರ ಸಭೆಯೊಂದರಲ್ಲಿ ಇಟ್ಟ ಹೆಸರಂತೆ ಅದು. ಜಪಾನಿನಲ್ಲಿ ಇದೇ ಬಗೆಯ ಕಾಯಿಲೆಯನ್ನು ಬೇರೆ ಹೆಸರಿನಿಂದ ಕರೆಯುತ್ತಾರೆ. ಏನಲ್ಲ ಎಂಬುದನ್ನು ಮೊದಲು ಹೇಳುವ ಹೆಸರು ನನಗೆ ವಿಚಿತ್ರವೆನಿಸಿತಾದರೂ, ಊರಿನ ಬಾಯಿಗೆ ಉತ್ತರವಾಗಿ ಅದಕ್ಕಿಂತ ಒಳ್ಳೆಯದು ಸಿಗಲಾರದು.

ಕಾರಣ ಏನು ಎಂದು ಕೇಳಿದೆ. ಚಿಕ್ಕಂದಿನಲ್ಲಿ ಮರುಕಳಿಸಿದ ಹೊಟ್ಟೆಯ ಸೋಂಕುಗಳಿರಬಹುದು, ರಕ್ತ ಬೇಗ ಹೆಪ್ಪುಗಟ್ಟುವ ಸ್ವಭಾವವಿರಬಹುದು, ಪಶ್ಚಿಮ ಬಂಗಾಳದಲ್ಲಿ ಆರ್ಸೆನಿಕ್ ಬೆರೆತ ಬಾವಿನೀರು ಕುಡಿದವರಲ್ಲಿ ಇದು ಕಂಡಿದೆ, ಕೆಲವು ಔಷಧಗಳಿಂದಲೂ ಬರುತ್ತದೆ, ಆದರೆ ನಿಮ್ಮಲ್ಲಿ ಇಂಥದ್ದೇ ಎಂದು ಹೇಳಲು ಬರುವುದಿಲ್ಲ ಎಂದರು. ನಮ್ಮ ಸಂಘದಲ್ಲಿ ಯಾವ ಲೆಕ್ಕಶೀರ್ಷಿಕೆಗೂ ಸೇರದ ಹಣ ಬಂದರೆ ಅನಾಮತ್ತು ಖಾತೆಗೆ ಹಾಕುತ್ತೇವೆ. ನನ್ನ ಕಾಯಿಲೆಯ ಕಾರಣ ಇಂದಿಗೂ ಅನಾಮತ್ತಿನಲ್ಲೇ ಇದೆ.

ತಡೆ ಯಕೃತ್ತಿನ ಮುಂಚೆಯೇ ಇರುವುದಕ್ಕೆ ಇನ್ನೂ ಸ್ಪಷ್ಟವಾದ ಉದಾಹರಣೆ ಅದೇ ಆಸ್ಪತ್ರೆಯ ಹೊರರೋಗಿ ಬೆಂಚಿನ ಮೇಲೆ ಸಿಕ್ಕಿತು. ಒಂಬತ್ತು ವರ್ಷದ ಹುಡುಗ, ನನಗಿಂತ ಹೆಚ್ಚು ಸಲ ಎಂಡೋಸ್ಕೋಪಿ ಕಂಡವನು. ಅವನ ಪೋರ್ಟಲ್ ನಾಳವೇ ಎಂದೋ ಹೆಪ್ಪುಗಟ್ಟಿ ಮುಚ್ಚಿ, ಸುತ್ತ ಸಣ್ಣ ನಾಳಗಳ ಗೊಂಚಲು ಬೆಳೆದಿತ್ತು. ನಮ್ಮ ದೇಶದ ಮಕ್ಕಳಲ್ಲಿ ಈ ಒತ್ತಡಕ್ಕೆ ಇದೊಂದು ದೊಡ್ಡ ಕಾರಣ. ಹುಟ್ಟಿದ ಎರಡನೆಯ ವಾರದಲ್ಲಿ ಹೊಕ್ಕುಳು ಕೀವಾಗಿತ್ತು, ಬೂದಿ ಹಚ್ಚಿದ್ದೆವು ಎಂದು ಅವನ ತಾಯಿ ತಗ್ಗಿದ ದನಿಯಲ್ಲಿ ಹೇಳಿದರು. ಅದರಿಂದಲೇ ಎಂದು ವೈದ್ಯರು ಖಚಿತವಾಗಿ ಹೇಳಿರಲಿಲ್ಲ, ಆದರೆ ಹಾಗೂ ಆಗುವುದುಂಟು ಎಂದಿದ್ದರಂತೆ. ಅವರ ಪಕ್ಕದಲ್ಲಿದ್ದ ಬಾಣಂತಿಗೆ ತಡೆ ಆಚೆ ಬದಿಯಲ್ಲಿತ್ತು. ಯಕೃತ್ತಿನಿಂದ ಹೃದಯಕ್ಕೆ ಹೊರಡುವ ನಾಳಗಳೇ ಹೆಪ್ಪುಗಟ್ಟಿದ್ದವು, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿತ್ತು.

ಬ್ಯಾಂಡ್ ಹಾಕುವುದನ್ನು ನಾನು ಪೂರ್ತಿ ಎಚ್ಚರದಲ್ಲಿ ಅನುಭವಿಸಿದ್ದು ಎರಡನೆಯ ಸಲ, ಏಪ್ರಿಲ್ ಕೊನೆಯಲ್ಲಿ. ಗಂಟಲಿಗೆ ಕಹಿ ಸ್ಪ್ರೇ ಹೊಡೆದರು. ನಾಲಗೆ ದಪ್ಪಗಾಗಿ, ಉಗುಳು ನುಂಗಲು ಬಾರದೆ, ಗಂಟಲಿದೆಯೋ ಇಲ್ಲವೋ ತಿಳಿಯದಂತಾಯಿತು. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಕಚ್ಚಿಸಿದರು. ಕೊಳವೆ ಇಳಿಯುವಾಗಿನ ಓಕರಿಕೆ ಒಂದು ನಿಮಿಷದ್ದು. ಆಮೇಲೆ ಮೂಗಿನಿಂದ ಉಸಿರಾಡಿ ಎಂದು ಹೆಗಲ ಮೇಲೆ ಕೈಯಿಟ್ಟಿದ್ದ ಸಿಸ್ಟರ್ ಹೇಳುತ್ತಲೇ ಇದ್ದರು. ಕೊಳವೆಯ ತುದಿಯ ಪಾರದರ್ಶಕ ಟೋಪಿಯೊಳಕ್ಕೆ ಉಬ್ಬಿದ ನಾಳವನ್ನು ಹೀರಿಕೊಂಡು, ಹಿಡಿಯ ಬಳಿಯ ಗಾಲಿ ತಿರುಗಿಸುತ್ತಾರೆ; ಟೋಪಿಯ ಮೇಲೆ ಸುತ್ತಿಟ್ಟ ರಬ್ಬರ್ ಉಂಗುರ ಜಾರಿ ಅದರ ಬುಡಕ್ಕೆ ಬಿಗಿಯುತ್ತದೆ. ಪರದೆಯ ಮೇಲೆ ನೀಲಿ ಛಾಯೆಯ ನೇರಳೆಹಣ್ಣಿನಂಥದ್ದೊಂದು ಮೂಡಿತು. ಐದು ಉಂಗುರ, ಐದು ನೇರಳೆಹಣ್ಣು. ಮೂಲವ್ಯಾಧಿಗೆ ರಬ್ಬರ್ ಉಂಗುರ ಹಾಕುವ ಹಳೆಯ ಉಪಾಯವನ್ನೇ ಅಮೆರಿಕದ ಡೆನ್ವರ್‌ನ ಸ್ಟೀಗ್‌ಮನ್ ಎಂಬ ಶಸ್ತ್ರವೈದ್ಯರು 1980ರ ದಶಕದಲ್ಲಿ ಅನ್ನನಾಳಕ್ಕೆ ತಂದರಂತೆ. ಕೇಳಿ ನಕ್ಕಿದ್ದೆ.

ನಗು ಆ ಸಂಜೆಯವರೆಗೆ ಉಳಿಯಲಿಲ್ಲ. ಎದೆಯ ನಡುವೆ ಒನಕೆ ನೆಟ್ಟಂತಹ ನೋವು ಎರಡು ದಿನ ಇತ್ತು. ಮೊದಲ ದಿನ ತಣ್ಣನೆಯ ಗಂಜಿನೀರು, ಆಮೇಲೆ ಮೆತ್ತಗಿನ ಅನ್ನ ಮಜ್ಜಿಗೆ. ಬಿಗಿದ ಭಾಗ ಸತ್ತು ಉದುರಿ ಬೀಳುವಾಗ ಅಲ್ಲಿ ಹುಣ್ಣಾಗುತ್ತದೆ, ಒಂದು ವಾರ ಹತ್ತು ದಿನದಲ್ಲಿ ಆ ಹುಣ್ಣಿನಿಂದಲೇ ರಕ್ತ ಬರುವ ಸಾಧ್ಯತೆಯಿರುತ್ತದೆ ಎಂದು ಎಚ್ಚರಿಸಿದ್ದರು. ಆ ಹತ್ತು ದಿನ ಚಕ್ಕುಲಿ, ರೊಟ್ಟಿಯ ಗರಿಮುರಿ ಅಂಚು ಯಾವುದನ್ನೂ ಮುಟ್ಟಲಿಲ್ಲ, ಪ್ರತಿ ಬೆಳಿಗ್ಗೆ ಮಲದ ಬಣ್ಣ ನೋಡುವುದು ದೇವರಿಗೆ ಕೈಮುಗಿಯುವುದಕ್ಕಿಂತ ಮೊದಲ ಕೆಲಸವಾಯಿತು. ಮೇ ತಿಂಗಳಲ್ಲಿ ಮೂರು, ಜುಲೈನಲ್ಲಿ ಎರಡು ಉಂಗುರ. ಅಲ್ಲಿಗೆ ಉಬ್ಬಿದ ನಾಳಗಳು ಮುಗಿದವು. ಮೂಲ ತಡೆ ಹಾಗೇ ಇರುವುದರಿಂದ ಅವು ಮತ್ತೆ ಹುಟ್ಟುತ್ತವೆ. ಅದಕ್ಕೇ ಆರು ತಿಂಗಳಿಗೊಮ್ಮೆ, ಈಗ ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು.

ಇದರ ಜೊತೆಗೆ ಒಳಗಿನ ಒತ್ತಡ ತಗ್ಗಿಸುವ ಪ್ರೊಪ್ರನಲಾಲ್ ಮಾತ್ರೆ. ಕೊಡುವ ಮೊದಲು ಉಬ್ಬಸವಿದೆಯೇ ಎಂದು ಎರಡೆರಡು ಸಲ ಕೇಳಿದರು. ನಾಡಿ ನಿಮಿಷಕ್ಕೆ 55ರಿಂದ 60ಕ್ಕೆ ಇಳಿಯುವವರೆಗೆ ಪ್ರಮಾಣ ಏರಿಸಿದರು. ಬೆಳಿಗ್ಗೆ ಎದ್ದೊಡನೆ ಗೋಡೆ ಗಡಿಯಾರ ನೋಡುತ್ತ ನಾಡಿ ಎಣಿಸಿ ಕ್ಯಾಲೆಂಡರಿನ ಮೂಲೆಯಲ್ಲಿ ಬರೆಯುತ್ತೇನೆ. ನನ್ನ ತೋಳಿನ ಬಿ.ಪಿ. ಈಗ 100ಕ್ಕೆ 60, ದಿಢೀರನೆ ಎದ್ದರೆ ತಲೆ ಸುತ್ತುತ್ತದೆ. ಆದರೂ ‘ಅಕ್ಕಂಗೆ ಬಿ.ಪಿ. ಅಂತೆ’ ಎಂದು ನಮ್ಮ ಕಚೇರಿಯ ಹುಡುಗ ಚಹಾದ ಜೊತೆ ತರುತ್ತಿದ್ದ ಖಾರದ ಬೋಂಡಾವನ್ನು ನಿಲ್ಲಿಸಿಬಿಟ್ಟ. ಅವನಿಗೆ ಕಾಲುವೆ, ತೂಬು, ಏರಿ ಎಲ್ಲ ವಿವರಿಸಿದ ಮೇಲೂ ಬೋಂಡಾ ಬರಲಿಲ್ಲ.

ಗುಲ್ಮವನ್ನೇ ತೆಗೆಸಿಬಿಡಿ, ಪ್ಲೇಟ್‌ಲೆಟ್ ಏರುತ್ತದೆ ಎಂದು ಒಬ್ಬ ನೆಂಟರು ತಮಗೆ ಗೊತ್ತಿದ್ದ ಸರ್ಜನರ ವಿಳಾಸ ಕೊಟ್ಟರು. ನನ್ನ ವೈದ್ಯರು ಅವಸರ ಬೇಡ ಎಂದರು. ಅಂಕಿ ಕಡಿಮೆಯೆಂದು ತಾನಾಗಿ ರಕ್ತ ಸೋರುತ್ತಿಲ್ಲ, ಗುಲ್ಮ ತೆಗೆದ ಮೇಲೆ ಪೋರ್ಟಲ್ ನಾಳವೇ ಹೆಪ್ಪುಗಟ್ಟುವ ಅಪಾಯವಿದೆ, ಬ್ಯಾಂಡಿಗೆ ಬಗ್ಗದಿದ್ದರೆ ಗುಲ್ಮದ ನಾಳವನ್ನು ಮೂತ್ರಪಿಂಡದ ನಾಳಕ್ಕೆ ಜೋಡಿಸುವ ಶಸ್ತ್ರಚಿಕಿತ್ಸೆ ಇದ್ದೇ ಇದೆ, ನಿಮ್ಮ ಯಕೃತ್ತು ಚೆನ್ನಾಗಿರುವುದರಿಂದ ಅದನ್ನು ತಾಳಿಕೊಳ್ಳುತ್ತೀರಿ ಎಂದು ಹೇಳಿದರು. ಸದ್ಯಕ್ಕೆ ಭಾರ ಎತ್ತುವುದಿಲ್ಲ, ಬಸ್ಸಿನ ನೂಕುನುಗ್ಗಲಿನಲ್ಲಿ ಎಡಪಕ್ಕೆಗೆ ಬ್ಯಾಗು ಅಡ್ಡ ಹಿಡಿಯುತ್ತೇನೆ. ನಾನು ನುಂಗಬಾರದ ನೋವಿನ ಮಾತ್ರೆಗಳ ಹೆಸರಿನ ಪಟ್ಟಿ ಆ ಬ್ಯಾಗಿನಲ್ಲೇ ಇದೆ. ಹಲ್ಲಿನ ಡಾಕ್ಟರ ಬಳಿ ಹೋದಾಗ ಮೊದಲು ಅದನ್ನೇ ಮೇಜಿನ ಮೇಲಿಟ್ಟೆ.

ಕಳೆದ ಮಳೆಗಾಲದಲ್ಲಿ ಎರಡು ದಿನ ಜ್ವರ ಬಂದು ರಕ್ತ ಪರೀಕ್ಷೆಗೆ ಕೊಟ್ಟಿದ್ದೆ. ಸಂಜೆ ಲ್ಯಾಬಿನ ಹುಡುಗ ಗಾಬರಿಯಿಂದ ಫೋನ್ ಮಾಡಿದ. ‘ಮೇಡಂ, ಪ್ಲೇಟ್‌ಲೆಟ್ 64 ಸಾವಿರ ಇದೆ, ಡೆಂಗಿ ಇರಬಹುದು, ಕೂಡಲೇ ಅಡ್ಮಿಟ್ ಆಗಿ, ಪಪ್ಪಾಯಿ ಎಲೆ ಸಿಕ್ಕರೆ ಈಗಲೇ ಅರೆದು ಕುಡಿಯಿರಿ’ ಎಂದ. ಅದು ನನ್ನ ಮಾಮೂಲಿ ಅಂಕಿ ಕಣಪ್ಪ, ಹೋದ ಸಲ 66 ಇತ್ತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಡೆಂಗಿ ಪರೀಕ್ಷೆಯನ್ನೂ ಮಾಡಿಬಿಡು ಎಂದು ನಾನೇ ಹೇಳಿದೆ, ಗುಲ್ಮ ದೊಡ್ಡದಾದವರಿಗೆ ಸೊಳ್ಳೆ ಕಚ್ಚುವುದಿಲ್ಲ ಎಂದೇನೂ ಇಲ್ಲವಲ್ಲ. ನೆಗೆಟಿವ್ ಬಂತು.